ಪಾಂಚಾಲಿಕೆ: ವಿರಾಟಪರ್ವದ ಒಂದು ಸಣ್ಣ ಬೇಡಿಕೆ

ಉತ್ತರನ ಪೌರುಷ ಒಲೆಯ ಮುಂದೆ ಎಂಬ ಗಾದೆಯನ್ನರಿಯದ ಕನ್ನಡ ಮನೆಯಿಲ್ಲ. ಅಣ್ಣನ ಬಡಾಯಿ ಹೀಗೆ ಲೋಕಪ್ರಸಿದ್ಧವಾಗಿರಲು, ಅದೇ ಸಂದರ್ಭದಲ್ಲಿ ತಂಗಿ ಆಡಿದ ಮಾತನ್ನು ನೆನೆಯುವವರು ವಿರಳ. ಬೃಹನ್ನಳೆಯು ಸಾರಥ್ಯಕ್ಕೆ ಹೊರಟಾಗ ಉತ್ತರೆಯೂ ಅವಳ ಗೆಳತಿಯರೂ ಒಂದು ಬೇಡಿಕೆಯನ್ನು ಮುಂದಿಡುತ್ತಾರೆ: ಭೀಷ್ಮದ್ರೋಣಾದಿಗಳನ್ನು ಗೆದ್ದು ಮರಳುವಾಗ ತಮ್ಮ ಬೊಂಬೆಗಳಿಗಾಗಿ ಬಟ್ಟೆಗಳನ್ನು ತರಬೇಕು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ರಘುವೀರರ ಸಂಪಾದಕತ್ವದಲ್ಲಿ 1936ರಲ್ಲಿ ಪ್ರಕಟಿಸಿದ ಪರಿಷ್ಕೃತ ವಿರಾಟಪರ್ವದಲ್ಲಿಯೂ ಈ ಮಾತು ಉಳಿದಿದೆಯಾದ್ದರಿಂದ, ಪ್ರಕ್ಷಿಪ್ತವೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಇದು ಹುಡುಗಾಟವೆಂದು ನಕ್ಕು ಮುಂದೆ ಸಾಗುವುದು ಓದುಗರ ವಾಡಿಕೆ. ಅರ್ಜುನನೂ ನಗುತ್ತಲೇ ಒಪ್ಪಿಕೊಳ್ಳುತ್ತಾನೆ. ಆದರೆ ಬೇಡಿಕೆಯ ವಿಶೇಷಣಗಳನ್ನು ಪರಿಶೀಲಿಸಬೇಕು. ಬಟ್ಟೆಗಳು ಅಂದವಾಗಿದ್ದರೆ ಸಾಲದು. ನಯವಾದ ಎಳೆಯವಾಗಿರಬೇಕು, ಬಣ್ಣಬಣ್ಣದ ಹಲವು ಬಗೆಯವಾಗಿರಬೇಕು. ಬೊಂಬೆ ಮಾಡಿ ನೋಡಿದವರಿಗಲ್ಲದೆ ಇದು ಹೊಳೆಯದು. ಗೇಣುದ್ದದ ಬೊಂಬೆಗೆ ದಪ್ಪ ಬಟ್ಟೆ ಒಗ್ಗುವುದಿಲ್ಲ. ಬೆರಳಗಲದ ತೋಳನ್ನು ಹೊಲಿದು ಒಳಮಗ್ಗುಲನ್ನು ಹೊರಕ್ಕೆ ತಿರುವುವಾಗ ಅದು ಮುದ್ದೆಯಾಗುತ್ತದೆ, ನಿರಿಗೆ ಹಿಡಿದರೆ ಸೆಟೆದು ನಿಲ್ಲುತ್ತದೆ. ಹಾಸುಹೊಕ್ಕುಗಳ ನೇರಕ್ಕೆ ಕತ್ತರಿಸಿದ ಬಟ್ಟೆ ಬಿಗಿಯಾಗಿರುವುದು, ಓರೆಯಾಗಿ ಕತ್ತರಿಸಿದುದು ಹಿಗ್ಗುವುದು. ಕೆನ್ನೆಯ ದುಂಡಿಗೆ ಯಾವುದು, ಬೆನ್ನಿನ ನೇರಕ್ಕೆ ಯಾವುದು ಎಂಬುದನ್ನು ಕೈ ಅರಿತಿರಬೇಕು. ಅರಳೆಯನ್ನು ಚಿಟಿಕೆ ಚಿಟಿಕೆಯಾಗಿ ತುಂಬದೆ ಒಮ್ಮೆಗೇ ತುರುಕಿದರೆ ಮೈ ಗಂಟುಗಂಟಾಗುತ್ತದೆ; ಕುತ್ತಿಗೆಯಲ್ಲಿ ಸಡಿಲ ಬಿಟ್ಟರೆ ತಲೆ ವಾಲುತ್ತದೆ. ಇವೆಲ್ಲ ಕೆಡಿಸಿ, ಬಿಚ್ಚಿ, ಮತ್ತೆ ಹೊಲಿದು ಕಲಿಯುವ ಸಂಗತಿಗಳು. ಹಾಗೆ ಕಲಿತವರ ಮಾತೇ ವಿರಾಟನ ಅಂತಃಪುರದಲ್ಲಿ ಕೇಳಿಬಂದಿದೆ. ನೃತ್ಯಗೀತಗಳಲ್ಲಿ ಉತ್ತರೆಗೆ ಬೃಹನ್ನಳೆಯು ಗುರುವೆಂದು ಕವಿ ಹೇಳಿದ್ದಾನೆ. ಬೊಂಬೆಯ ವಿದ್ಯೆಗೆ ಗುರು ಯಾರೆಂದು ಹೇಳಿಲ್ಲ. ಹೆಸರಿಲ್ಲದ ಹೆಂಗಸರಿಂದ ಹೆಣ್ಣುಮಕ್ಕಳಿಗೆ ಬಂದ ವಿದ್ಯೆ ಅದಾಗಿರಬೇಕು.

ಶಾಸ್ತ್ರಕಾರರಾದರೋ ಇದನ್ನು ಕಡೆಗಣಿಸಿದವರಲ್ಲ. ಅಮರಸಿಂಹನು ಪಾಂಚಾಲಿಕಾ, ಪುತ್ರಿಕಾ ಎಂಬ ಪರ್ಯಾಯಪದಗಳನ್ನು ಕೊಟ್ಟು, ಬೊಂಬೆಯ ಸಾಮಗ್ರಿಯನ್ನು ಹೇಳುವಾಗ ದಂತಕ್ಕಿಂತ ಮೊದಲು ಬಟ್ಟೆಯನ್ನೇ ಎಣಿಸುತ್ತಾನೆ. ವಾತ್ಸ್ಯಾಯನನು 64 ಕಲೆಗಳಲ್ಲಿ ಸೂಜಿಯ ಕೆಲಸವನ್ನು ಸೇರಿಸಿರುವುದಲ್ಲದೆ ನೂಲಿನ ಬೊಂಬೆಗಳನ್ನೂ ಹೆಸರಿಸಿದ್ದಾನೆ.

ಉತ್ತರೆಯ ಬಾಯಲ್ಲಿ ಕವಿ ಇಟ್ಟಿರುವ ಪದವೂ ಪಾಂಚಾಲಿಕೆಯೆಂಬುದೇ. ಅದನ್ನು ಕೇಳಿದೊಡನೆ ಪಾಂಚಾಲಿಯ ನೆನಪಾಗದಿರದು. ಆಕೆ ಅದೇ ಅರಮನೆಯಲ್ಲಿ ಸೈರಂಧ್ರಿಯಾಗಿದ್ದಾಳೆ; ಬೃಹನ್ನಳೆಯನ್ನು ಸಾರಥ್ಯಕ್ಕೆ ಸೂಚಿಸಿದವಳೂ ಆಕೆಯೇ. ಹಿಂದೆ ಕುರುಸಭೆಯಲ್ಲಿ ಆಕೆಯ ವಸ್ತ್ರವನ್ನು ಸೆಳೆಯಹೇಳಿದವನು ಕರ್ಣ. ನೋಡಿ ನಲಿದವನು ದುರ್ಯೋಧನ. ಸುಮ್ಮನೆ ಕುಳಿತವರು ಆಚಾರ್ಯರು. ಈಗ ಸಮ್ಮೋಹನಾಸ್ತ್ರದಿಂದ ಕೌರವರು ಮೈಮರೆತಿರಲು, ಅರ್ಜುನನು ಉತ್ತರೆಯ ಮಾತನ್ನು ನೆನೆದು, ದ್ರೋಣಕೃಪರ ಬಿಳಿಯ ವಸ್ತ್ರಗಳನ್ನೂ ಕರ್ಣನ ಹಳದಿಯನ್ನೂ ಅಶ್ವತ್ಥಾಮ ದುರ್ಯೋಧನರ ನೀಲಿಯನ್ನೂ ತೆಗೆದುಕೊಂಡು ಬಾರೆಂದು ರಾಜಕುಮಾರನನ್ನು ಕಳುಹಿಸುತ್ತಾನೆ. ಪಾಂಚಾಲಿಯ ಸೀರೆಗೆ ಕೈಯಿಕ್ಕಿದವರ ಬಟ್ಟೆ ಪಾಂಚಾಲಿಕೆಯ ಪಾಲಾಗುತ್ತದೆ. ಇದು ಬರಿಯ ಶಬ್ದಸಾಮ್ಯವೆಂದು ಆಕ್ಷೇಪಿಸಬಹುದು. ಕವಿಗೆ ಅಷ್ಟೇ ಇಷ್ಟವಾಗಿದ್ದರೆ ಬಟ್ಟೆಗಳನ್ನು ತಂದರೆಂದು ಹೇಳಿ ಮುಗಿಸಬಹುದಾಗಿತ್ತು. ಒಬ್ಬೊಬ್ಬರ ಹೆಸರನ್ನೂ ಬಣ್ಣವನ್ನೂ ಎಣಿಸಬೇಕಾದ ಅಗತ್ಯವೇನಿತ್ತು? ಸಭಾಪರ್ವದ ಅವಮಾನಕ್ಕೆ ರಕ್ತದ ಉತ್ತರ ಬರುವ ಮೊದಲು, ಹುಡುಗಿಯರ ಸೂಜಿಗೆ ಒಳಪಡುವ ಈ ಉತ್ತರವನ್ನು ಕವಿ ಕೊಡಿಸಿದ್ದಾನೆ. ಬೊಂಬೆಯ ವಿದ್ಯೆಯನ್ನು ಕ್ಷುದ್ರವೆಂದೆಣಿಸುವ ವಾಚಕನಿಗೆ ಈ ಭಾಗದ ಗಾಂಭೀರ್ಯವೇ ಕಾಣಿಸದೆ ಹೋಗುತ್ತದೆ.

ಉತ್ತರೆಯು ಬಟ್ಟೆಗಳನ್ನು ಪಡೆದು ಸಂತೋಷಪಟ್ಟಳೆಂದು ಕವಿ ಹೇಳುತ್ತಾನೆ. ಬೊಂಬೆಗಳು ಆದುವೆ, ಇಲ್ಲವೆ ಎಂದು ಹೇಳುವುದಿಲ್ಲ. ಮುಂದೆ ಅಭಿಮನ್ಯುವಿನೊಡನೆ ಅವಳ ವಿವಾಹ; ಯುದ್ಧದ 13ನೆಯ ದಿನ ಅವನ ಮರಣ. ಪುತ್ರಿಕೆಗೆ ಉಡಿಸಲೆಂದು ನಯವಾದ ಬಟ್ಟೆ ಕೇಳಿದ ಬಾಲೆ, ಸ್ತ್ರೀಪರ್ವದಲ್ಲಿ ಪತಿಯ ಶವದ ಬಳಿ ಗರ್ಭಿಣಿಯಾಗಿ ರೋದಿಸುತ್ತಾಳೆ. ಆ ಶೋಕವನ್ನು ಅಳೆಯಲು ಹಿಂದಿನ ಆ ಬೇಡಿಕೆಗಿಂತ ಸರಿಯಾದ ಅಳತೆಗೋಲು ಭಾರತದಲ್ಲಿ ಬೇರೊಂದಿಲ್ಲ.

ಮಳೆ ಬಾರದಾಗ ವಿರಾಟಪರ್ವವನ್ನು ಓದಿಸುವ ನಾಡು ಇದು. ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ನಾಡೂ ಹೌದು. ಆದರೂ ದಸರೆಯ ಮೆಟ್ಟಿಲುಗಳ ಮೇಲೆ ಕೊಂಡು ತಂದ ಬೊಂಬೆಗಳ ನಡುವೆ ಮನೆಯ ಮಗು ಹೊಲಿದ ಬೊಂಬೆ ಕಾಣುವುದು ಅಪರೂಪವಾಗಿದೆ. ಕೌದಿಗೆ ಮಿಕ್ಕ ತುಂಡೊಂದನ್ನು ಸೂಜಿಯೊಡನೆ ಮಗುವಿನ ಕೈಗಿತ್ತು, ಅದು ಕೆಡಿಸಿದಾಗ ಗದರಿಸದೆ, ಉತ್ತರೆಯ ಕಥೆಯನ್ನು ಓದಿ ಹೇಳುವ ಮನೆಗಳಲ್ಲಿ ಕೈಯ ವಿದ್ಯೆಯೂ ಉಳಿದೀತು, ಕಾವ್ಯದ ಅರ್ಥವೂ ತಿಳಿದೀತು.