ಊಟದ ಮನೆಯಿಂದ ಪಾಠದ ಮನೆಗೆ

1876ರಲ್ಲಿ ಕೆನಡಾ ಸರ್ಕಾರ ತಂದ ಇಂಡಿಯನ್ ಕಾಯ್ದೆಯಲ್ಲಿ ಒಂದು ವಿಧಿಯಿತ್ತು. ಮೂಲನಿವಾಸಿಯೊಬ್ಬ ವಿಶ್ವವಿದ್ಯಾಲಯದ ಪದವಿ ಪಡೆದನೋ, ಅಂದಿನಿಂದ ಕಾನೂನಿನ ಲೆಕ್ಕದಲ್ಲಿ ಅವನು ಮೂಲನಿವಾಸಿಯಲ್ಲ. ಓದು ಬೇಕಿದ್ದರೆ ಕುಲ ಬಿಡಬೇಕು. ಮುಂದೆ 1885ರಿಂದ 1951ರವರೆಗೆ ಪಾಟ್‌ಲ್ಯಾಚ್ ನಡೆಸುವುದೂ ಅಪರಾಧವಾಗಿತ್ತು. ಪಶ್ಚಿಮ ಕರಾವಳಿಯ ಜನ ಹೆಸರಿಡುವಾಗ, ಮದುವೆಯಲ್ಲಿ, ಸತ್ತವರ ನೆನಪಿನಲ್ಲಿ ನೆಂಟರಿಷ್ಟರನ್ನು ಕರೆದು ಉಣ್ಣಿಸಿ, ಇದ್ದದ್ದನ್ನು ಹಂಚುತ್ತಿದ್ದ ಸಮಾರಂಭ ಅದು. ಇಂದು ಅಲ್ಲಿನ ವಿಶ್ವವಿದ್ಯಾಲಯಗಳು ಮೂಲನಿವಾಸಿ ವಿದ್ಯಾರ್ಥಿಗಳಿಗಾಗಿ ಸಹಭೋಜನ, ಡೋಲಿನ ಹಾಡು, ಹಿರಿಯರೊಂದಿಗೆ ಮಾತುಕತೆ ಏರ್ಪಡಿಸುತ್ತವೆ. ಇವನ್ನು ತೂಗಿ ನೋಡುವವರು ಈ ಎರಡು ಕಾನೂನುಗಳನ್ನು ಮರೆಯಬಾರದು. ಹಾಗೆ ನೋಡಿದಾಗ ಒಂದು ತಟ್ಟೆ ಊಟವೂ ಸಣ್ಣದಲ್ಲ.

ವ್ಯಾಂಕೂವರಿನ ಯೂನಿವರ್ಸಿಟಿ ಆಫ್ ಬ್ರಿಟಿಷ್ ಕೊಲಂಬಿಯಾವನ್ನೇ ತೆಗೆದುಕೊಳ್ಳುತ್ತೇನೆ. ಅದು ನಿಂತಿರುವುದು ಮಸ್ಕ್ವಿಯಂ ಜನರು ಯಾವ ಒಪ್ಪಂದದಲ್ಲೂ ಬಿಟ್ಟುಕೊಡದ ನೆಲದ ಮೇಲೆ. ಅಲ್ಲಿಗೆ ಓದಲು ಹೋಗುವ ಕನ್ನಡದ ಮಕ್ಕಳೂ ಅದೇ ನೆಲದ ಅತಿಥಿಗಳು. ಮೂಲನಿವಾಸಿ ವಿದ್ಯಾರ್ಥಿಗಳಿಗೆಂದು 1987ರಲ್ಲಿ ಅಲ್ಲಿ ಫಸ್ಟ್ ನೇಷನ್ಸ್ ಹೌಸ್ ಆಫ್ ಲರ್ನಿಂಗ್ ಶುರುವಾಯಿತು. ಅದರ ಮೊದಲ ನಿರ್ದೇಶಕಿ ಕ್ರೀ ಜನಾಂಗದ ವರ್ನಾ ಕರ್ಕ್‌ನೆಸ್. 1993ರಲ್ಲಿ ಕರಾವಳಿಯ ಸೇಲಿಶ್ ಜನರ ಮನೆಗಳ ಮಾದರಿಯಲ್ಲಿ ಸೀಡರ್ ಮರದ ಲಾಂಗ್‌ಹೌಸ್ ಎದ್ದಿತು. ಒಳಗೆ ಕೆತ್ತನೆಯ ಕಂಬಗಳ ದೊಡ್ಡ ಹಜಾರ, ಹಿರಿಯರು ಕೂರುವ ಕೋಣೆ, ಅಡುಗೆಮನೆ. ಜೊತೆಗೆ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಟು. ಈ ಕೊನೆಯದನ್ನು ಸಾಂಸ್ಕೃತಿಕ ಕಾರ್ಯಕ್ರಮ ಎಂದು ಯಾರೂ ಕರೆಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸಾಂಸ್ಕೃತಿಕ ಕಾರ್ಯಕ್ರಮ ಇನ್ನೊಂದಿಲ್ಲ. ಮಗು ಅತ್ತರೆ ತರಗತಿ ತಪ್ಪುವ ತಾಯಿಗೆ ಡೋಲಿನ ಸದ್ದು ಎಷ್ಟು ದೂರದವರೆಗೆ ಆಸರೆಯಾದೀತು?

ಇಂಥ ಮನೆ ಏಕೆ ಬೇಕು ಎಂಬುದಕ್ಕೆ ವಿದ್ವಾಂಸರ ನಡುವೆ ಒಂದು ಹಳೆಯ ಜಗಳವಿದೆ. ಹೊಸ ವಿದ್ಯಾರ್ಥಿ ತನ್ನ ಹಿಂದಿನ ಲೋಕದಿಂದ ಕಳಚಿಕೊಂಡು ಕಾಲೇಜಿನ ಲೋಕದಲ್ಲಿ ಬೆರೆತರೆ ಮಾತ್ರ ಓದಿನಲ್ಲಿ ಉಳಿಯುತ್ತಾನೆ ಎಂಬರ್ಥದ ವಾದವನ್ನು ಅಮೆರಿಕದ ವಿನ್ಸೆಂಟ್ ಟಿಂಟೊ ಮುಂದಿಟ್ಟಿದ್ದರು. ಬುಡಕಟ್ಟುಗಳಲ್ಲಿ ಮಕ್ಕಳು ದೊಡ್ಡವರಾಗುವ ದೀಕ್ಷಾ ವಿಧಿಗಳನ್ನು ಅದಕ್ಕೆ ಹೋಲಿಕೆಯಾಗಿ ಬಳಸಿದ್ದರು. 1992ರಲ್ಲಿ ವಿಲಿಯಂ ಟಿಯರ್ನಿ ಆ ಹೋಲಿಕೆಯ ಬೇರಿಗೇ ಕೈಹಾಕಿದರು. ದೀಕ್ಷೆ ಕೊಡುವುದು ತನ್ನದೇ ಕುಲ, ತನ್ನದೇ ಹಿರಿಯರು. ಪರರ ದೀಕ್ಷೆಗೆ ಯಾರನ್ನೂ ನೂಕಲಾಗದು ಎಂದರು. ಅದಕ್ಕೂ ಒಂದು ವರ್ಷ ಮೊದಲು ಕರ್ಕ್‌ನೆಸ್ ಮತ್ತು ರೇ ಬಾರ್ನ್‌ಹಾರ್ಟ್ ಬರೆದ ಲೇಖನ ಗೌರವ, ಪ್ರಸ್ತುತತೆ, ಕೊಡುಕೊಳ್ಳುವಿಕೆ, ಹೊಣೆಗಾರಿಕೆ ಎಂಬ ನಾಲ್ಕನ್ನು ವಿಶ್ವವಿದ್ಯಾಲಯಗಳಿಂದ ಕೇಳಿತ್ತು. ಲಾಂಗ್‌ಹೌಸಿನಲ್ಲಿ ಪ್ರತಿವರ್ಷ ಪದವೀಧರರಿಗೆ ನಡೆಯುವ ಗೌರವ ಸಮಾರಂಭ ಟಿಯರ್ನಿಯ ಆಕ್ಷೇಪಕ್ಕೆ ಸಿಕ್ಕ ಒಳ್ಳೆಯ ಉತ್ತರ. 1876ರ ಕಾಯ್ದೆ ಯಾವ ಪದವಿಯ ಹೆಸರಿನಲ್ಲಿ ಕುಲದಿಂದ ಹೊರಹಾಕುತ್ತಿತ್ತೋ, ಅದೇ ಪದವಿಗೆ ಈಗ ಕುಲದ ಹಿರಿಯರು ಸಾಕ್ಷಿ ಕೂರುತ್ತಾರೆ.

ನನ್ನ ತಕರಾರು ಇರುವುದು ಆ ನಾಲ್ಕರಲ್ಲಿ ಮೂರನೆಯದಾದ ಕೊಡುಕೊಳ್ಳುವಿಕೆಯ ಬಗ್ಗೆ. ಊಟ, ಹಾಡು, ಮಣಿ ಪೋಣಿಸುವ ಶಿಬಿರ, ಇವಕ್ಕೆಲ್ಲ ಹಣ ಸಿಗುವುದು ಸುಲಭ. ಪಠ್ಯ, ಪರೀಕ್ಷೆ, ನೇಮಕಾತಿಗಳನ್ನು ಇವು ಅಲುಗಿಸುವುದಿಲ್ಲ. ಮಧ್ಯಾಹ್ನ ಹಜಾರದಲ್ಲಿ ಮನೆಮಗಳಾಗಿದ್ದವಳು ಎರಡು ಗಂಟೆಯ ತರಗತಿಗೆ ಹೋದರೆ ಮತ್ತೆ ಒಂಟಿ. ಅಲ್ಲಿ ತನ್ನ ಜನರ ಪರವಾಗಿ ಎಲ್ಲ ಪ್ರಶ್ನೆಗೂ ಅವಳೇ ಉತ್ತರ ಕೊಡಬೇಕು. ಹಿರಿಯರ ದುಡಿಮೆಯೂ ಅಷ್ಟೆ. ಪ್ರತಿ ಸಭೆಗೆ ಅವರ ಪ್ರಾರ್ಥನೆ ಬೇಕು, ಪ್ರತಿ ಅಳುವ ವಿದ್ಯಾರ್ಥಿಗೆ ಅವರ ಹೆಗಲು ಬೇಕು. ಪ್ರಾಧ್ಯಾಪಕನಿಗೆ ಸಂಬಳವಿರುವ ಹಾಗೆ ಹಿರಿಯರ ಜ್ಞಾನಕ್ಕೂ ಕಾಯಂ ಸ್ಥಾನವಿರಬೇಕಲ್ಲವೇ? ಶಾಲು ಹೊದಿಸಿ ಕಳಿಸಿದರೆ ಋಣ ತೀರುವುದಿಲ್ಲ.

ಆದರೂ ಈ ಆವರಣದಲ್ಲೇ ದಾರಿ ಇದೆ. ಲಾಂಗ್‌ಹೌಸಿನ ಪಕ್ಕದಲ್ಲಿ, ಒಳನಾಡಿನ ಸೇಲಿಶ್ ಜನರ ನೆಲಗುಳಿ ಮನೆಯ ಆಕಾರದಲ್ಲಿ, ಒಂದು ಗ್ರಂಥಾಲಯವಿದೆ. ಅದರ ಹೆಸರು ಹ್ವೆಯ್‌ಹ್ವ. ಸ್ಕ್ವಾಮಿಶ್ ಭಾಷೆಯಲ್ಲಿ ಪ್ರತಿಧ್ವನಿ ಎಂದರ್ಥ. ಲೈಬ್ರರಿ ಆಫ್ ಕಾಂಗ್ರೆಸ್ ವರ್ಗೀಕರಣ ಪದ್ಧತಿ ಮೂಲನಿವಾಸಿಗಳ ಕುರಿತ ಬಹುಪಾಲು ಪುಸ್ತಕಗಳನ್ನು ಅಮೆರಿಕದ ಇತಿಹಾಸದ ಕಪಾಟಿಗೆ ಸೇರಿಸುತ್ತದೆ, ಅವರ ಬದುಕು ಮುಗಿದುಹೋದ ಕಥೆ ಎಂಬಂತೆ. ಇಲ್ಲಿ ಬಳಸುವುದು ಮೊಹಾಕ್ ಗ್ರಂಥಪಾಲಕ ಬ್ರಯಾನ್ ಡಿಯರ್ 1970ರ ದಶಕದಲ್ಲಿ ಕಟ್ಟಿದ ವರ್ಗೀಕರಣವನ್ನು ಆಧರಿಸಿದ ಪದ್ಧತಿ. ಇದರಲ್ಲಿ ನೆಲದ ಮೇಲೆ ನೆರೆಹೊರೆಯಾಗಿರುವ ಜನಾಂಗಗಳು ಕಪಾಟಿನಲ್ಲೂ ನೆರೆಹೊರೆ. ತನ್ನ ಅಜ್ಜಿಯ ಊರನ್ನು ಹುಡುಕುವ ಹುಡುಗಿ ದಾರಿಯಲ್ಲಿ ಪಕ್ಕದ ಊರನ್ನೂ ದಾಟಿಯೇ ಹೋಗುತ್ತಾಳೆ. ಸಂಸ್ಕೃತಿ ಇಲ್ಲಿ ವೇದಿಕೆ ಹತ್ತಿಲ್ಲ, ವ್ಯವಸ್ಥೆಯೊಳಗೆ ಕೂತಿದೆ. ನನಗೆ ನೂರು ಉತ್ಸವಗಳಿಗಿಂತ ಈ ಕಪಾಟು ಹೆಚ್ಚು.

1997ರಿಂದ ಮಸ್ಕ್ವಿಯಂ ಸಮುದಾಯ ಮತ್ತು ವಿಶ್ವವಿದ್ಯಾಲಯ ಸೇರಿ ಆ ಸಮುದಾಯದ ನುಡಿಯಾದ ಹನ್‌ಕೆಮಿನಂ ಭಾಷೆ ಕಲಿಸುತ್ತಿವೆ. ಇದು ಸಂಜೆಯ ಹವ್ಯಾಸವಲ್ಲ. ಅಂಕವಿದೆ, ಪರೀಕ್ಷೆಯಿದೆ, ಪದವಿಗೆ ಲೆಕ್ಕ ಹಿಡಿಯುತ್ತಾರೆ. ತರಗತಿ ಹಲವು ಬಾರಿ ನಡೆಯುವುದು ಮಸ್ಕ್ವಿಯಂ ಕೇರಿಯಲ್ಲೇ. ಊರಿನವರ ಪಕ್ಕದಲ್ಲಿ ಹೊರಗಿನ ವಿದ್ಯಾರ್ಥಿಗಳೂ ಕೂತು, ಗಂಟಲಿನಾಳದ ಆ ವ್ಯಂಜನಗಳಿಗೆ ನಾಲಿಗೆ ಹೊರಳದೆ ತೊದಲುತ್ತಾರೆ. ತಿದ್ದುವ ಹಕ್ಕು ಆ ಊರಿನವರದು. ಕಾನೂನು ವಿಭಾಗ, ಅರಣ್ಯ ವಿಭಾಗಗಳ ಪಾಠ ಯಾವಾಗ ಆ ಕೇರಿಗೆ ಇಳಿಯುತ್ತದೆ ಎಂದು ನಾನು ಕೇಳುತ್ತಿರುವುದು ಇದಕ್ಕಾಗಿಯೇ.