ರೆಬೆಕ್ಕಳ ಮುಸುಕು, ಬಿದ್ರಿಯ ಕಪ್ಪು

ದಸರಾ ರಜೆಗೆ ಕಾರಿನಲ್ಲಿ ಹೈದರಾಬಾದಿಗೆ ಹೊರಡುವ ನಮ್ಮವರು ಚಾರ್ಮಿನಾರ್, ಗೋಲ್ಕೊಂಡಗಳ ಜೊತೆಗೆ ಸಾಲಾರ್ ಜಂಗ್ ಮ್ಯೂಸಿಯಂ ನೋಡದೆ ಮರಳುವುದಿಲ್ಲ. ಅಲ್ಲಿ ಬಹುತೇಕರು ಹುಡುಕಿಕೊಂಡು ಹೋಗುವುದು ಎರಡನ್ನೇ: ಗಂಟೆ ಬಾರಿಸುವ ಗಡಿಯಾರ ಮತ್ತು ಮುಸುಕಿನ ರೆಬೆಕ್ಕಾ. ಗಡಿಯಾರದ ಬಗ್ಗೆ ನನ್ನ ತಕರಾರಿಲ್ಲ. ರೆಬೆಕ್ಕಳನ್ನು ಮಾತ್ರ ಮಹಾಶಿಲ್ಪವೆಂದು ಪ್ರವಾಸ ಲೇಖಕರು ಎಷ್ಟು ಸಲ ಬರೆದಿದ್ದಾರೆಂದರೆ, ಆ ಮಾತನ್ನು ಒರೆಗೆ ಹಚ್ಚುವವರೇ ಇಲ್ಲವಾಗಿದ್ದಾರೆ.

ಇಟಲಿಯ ಬೆಂಜೋನಿ ಕಡೆದ ಈ ಶಿಲ್ಪವನ್ನು ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ಕೊಂಡು ತಂದ. ಅಮೃತಶಿಲೆ ಬಟ್ಟೆಯಾಗಿದೆ, ಒಳಗಿನ ಮುಖ ಕಾಣುತ್ತದೆ ಎಂಬುದೇ ಹೊಗಳಿಕೆ. ಹತ್ತಿರ ನಿಂತು ನೋಡಿ. ಕಲ್ಲಿನ ಹಿಂದೆ ಇನ್ನೊಂದು ಮುಖವಿಲ್ಲ. ಇರುವುದು ಒಂದೇ ಮೈ. ಮೂಗು, ರೆಪ್ಪೆ, ತುಟಿಗಳ ಅಂಚನ್ನು ಬೆಂಜೋನಿ ಬೇಕೆಂದೇ ಮಸುಕಾಗಿ ಉಜ್ಜಿದ್ದಾನೆ. ಅವುಗಳ ಮೇಲೆ ಹಾಯುವ ನೆರಿಗೆಗಳ ಅಂಚನ್ನು ಚೂಪಾಗಿ ಉಳಿಸಿದ್ದಾನೆ. ಚೂಪಾದದ್ದು ಮುಂದಿದೆ, ಮಸುಕಾದದ್ದು ಹಿಂದಿದೆ ಎಂದು ಕಣ್ಣು ತಾನಾಗಿ ತೀರ್ಮಾನಿಸುತ್ತದೆ. ಉಬ್ಬಿದ ಕಡೆ ಮುಸುಕು ಅಂಟುತ್ತದೆ, ತಗ್ಗಿನಲ್ಲಿ ನೆರಿಗೆ ನೇರವಾಗಿ ಇಳಿದುಬಿಡುತ್ತದೆ. ಕೈಚಳಕ ಅಸಾಧಾರಣವಾದದ್ದೇ. ಆದರೆ ಇದೇ ಚಳಕವನ್ನು ಸಾನ್‌ಮಾರ್ಟೀನೊ 1753ರಲ್ಲೇ ನೇಪಲ್ಸಿನ ಮುಸುಕಿನ ಕ್ರಿಸ್ತನಲ್ಲಿ ತೋರಿಸಿದ್ದ. ಅಲ್ಲಿ ಬಟ್ಟೆಯ ಕೆಳಗೆ ಸಾವಿದೆ, ಹಣೆಯ ನರ ಉಬ್ಬಿದೆ.

ಇಲ್ಲಿ ಏನಿದೆ? ಬೈಬಲಿನ ಕಥೆಯಲ್ಲಿ ರೆಬೆಕ್ಕಾ ಮುಸುಕೆಳೆದುಕೊಳ್ಳುವುದು, ಕೈಹಿಡಿಯಲಿರುವ ಇಸಾಕನನ್ನು ಮೊದಲ ಸಲ ದೂರದಿಂದ ಕಂಡಾಗ. ತವರು ಬಿಟ್ಟು ಬಂದ ಹುಡುಗಿಯ ಅಂಜಿಕೆ, ಕುತೂಹಲ ಎರಡೂ ಕೂಡುವ ಗಳಿಗೆ ಅದು. ಬೆಂಜೋನಿಯ ಮುಖದಲ್ಲಿ ಅವೆರಡರ ಸುಳಿವೂ ಇಲ್ಲ. ಯಾವ ಸುಂದರಿಗಾದರೂ ಹೊಂದುವ ಮುಖ. ಮುಸುಕನ್ನು ಕಡೆಯುವುದಕ್ಕೆ ಒಂದು ಮುಖ ಬೇಕಿತ್ತು, ಅಷ್ಟೇ.

ಇನ್ನು ಕೆಲವು ವಿದ್ವಾಂಸರಿದ್ದಾರೆ. ಇದೆಲ್ಲ ನವಾಬರ ವಿಲಾಯತಿ ಮೋಹ ಎಂದು ಇಡೀ ಸಂಗ್ರಹವನ್ನೇ ತಳ್ಳಿಹಾಕುತ್ತಾರೆ. ನನ್ನ ಜಗಳ ಇವರೊಂದಿಗೇ ಹೆಚ್ಚು. ರೆಬೆಕ್ಕಳನ್ನು ತಂದವನು ಮೊದಲನೆಯವನು. ಸಂಗ್ರಹದ ಬಹುಪಾಲನ್ನು ಕೂಡಿಸಿದವನು ಮೂರನೆಯ ಸಾಲಾರ್ ಜಂಗ್, ಯೂಸುಫ್ ಅಲಿ ಖಾನ್. ಇಬ್ಬರನ್ನೂ ಒಂದೇ ಮೋಹಕ್ಕೆ ಕಟ್ಟಿಹಾಕುವುದು ಸೋಮಾರಿತನ. ಯುರೋಪಿನ ಸರಕಿನ ಮುಂದೆ ನಿಂತು ಬೈದು ಹೊರಬೀಳುವ ಈ ವಿಮರ್ಶಕರೂ, ಫೋಟೊ ತೆಗೆದು ಹೊರಬೀಳುವ ಪ್ರವಾಸಿಗರೂ ನೋಡದೆ ಬಿಟ್ಟದ್ದು ಒಂದೇ: ಬಿದ್ರಿ ವಿಭಾಗ.

ಅಲ್ಲಿನ ಹುಕ್ಕಾ ಬುಡಗಳನ್ನು ನೋಡಬೇಕು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಉಳಿಯಿಂದ ಕೊರೆದ ಗೆರೆಯೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಕೂರಿಸುತ್ತಾರೆ. ಉಜ್ಜಿದ ಮೇಲೆ ಬೂದು ಸತುವಿನಲ್ಲಿ ಬೆಳ್ಳಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರು. ಸತು ಕಡುಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಬಳ್ಳಿ, ಹೂವು ಒಮ್ಮೆಲೇ ಎದ್ದು ಬರುತ್ತವೆ. ಇಲ್ಲಿ ಕಣ್ಣಿಗೆ ಮೋಸವಿಲ್ಲ. ಕಪ್ಪು ಕಪ್ಪೇ, ಬೆಳ್ಳಿ ಬೆಳ್ಳಿಯೇ. ಕೊರೆದ ಗೆರೆಯೊಂದು ಅಳುಕಿದ್ದರೂ ಕಪ್ಪು ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಬೆಂಜೋನಿಗೆ ಇದ್ದ ಮಸುಕಿನ ಆಸರೆ ಬಿದ್ರಿ ಕುಶಲಕರ್ಮಿಗೆ ಇಲ್ಲ.

1956ರವರೆಗೆ ಬೀದರ್ ಹೈದರಾಬಾದ್ ಸಂಸ್ಥಾನ, ರಾಜ್ಯಗಳಿಗೇ ಸೇರಿತ್ತು. ಈ ಕಲೆ ಹೈದರಾಬಾದಿಗೆ ಹೊರಗಿನದೂ ಅಲ್ಲ, ನಮಗೆ ಪರಕೀಯವೂ ಅಲ್ಲ. ಆದ್ದರಿಂದ ರಜೆಯ ದಾರಿಯನ್ನು ಬೀದರ್, ಜಹೀರಾಬಾದ್ ಮೇಲೆ ಹಾಕಿಕೊಳ್ಳಿ. ಚೌಬಾರಾ ಆಸುಪಾಸಿನ ಬಿದ್ರಿ ಅಂಗಡಿಯಲ್ಲಿ ತಂತಿ ಕೂರಿಸುವ ಕೈಯನ್ನು ಅರ್ಧ ಗಂಟೆ ನೋಡಿ, ಆಮೇಲೆ ಹೈದರಾಬಾದಿಗೆ ಹೋಗಿ ರೆಬೆಕ್ಕಳೆದುರು ನಿಲ್ಲಿ.