ಖಡ್ಗ ಒಯ್ದರು, ನಾಲಿಗೆ ಬಿಟ್ಟರು

ಬೈಲಹೊಂಗಲದಲ್ಲಿ ಒಂದು ಪುಸ್ತಕ ಬಿಡುಗಡೆ. ದೂರದಿಂದ ಬಂದ ಅತಿಥಿಯೊಬ್ಬರು ಮಾತಿನ ಭರದಲ್ಲಿ, 'ಕಿತ್ತೂರು ನಾಡಿನ ಸಿನಿಮಾ ಅಂದರೆ ಎರಡೇ, ಒಂದು ಚೆನ್ನಮ್ಮ, ಇನ್ನೊಂದು ರಾಯಣ್ಣ. ಗಂಡುಮೆಟ್ಟಿನ ನಾಡಿಗೆ ಅಷ್ಟು ಸಾಕು' ಅಂದರು. ಚಪ್ಪಾಳೆ ಬಿತ್ತು. ಪಕ್ಕದವರು ನೋಡುತ್ತಿದ್ದರು, ನಾನೂ ತಟ್ಟಿದೆ. ಸಿಟ್ಟು ಬಂದದ್ದು ಮನೆಗೆ ಬಂದು ಚಪ್ಪಲಿ ಕಳಚಿದ ಮೇಲೆ. ಆ ಸಿಟ್ಟೇ ಈ ಬರಹ.

'ಗಂಡುಮೆಟ್ಟಿನ ನಾಡು' ಎಂಬ ಬಿರುದನ್ನು ನಮಗೆ ಶಾಲು ಹೊದಿಸಿದಂತೆ ಹೊದಿಸುತ್ತಾರೆ. ಶಾಲು ಹೊತ್ತವನು ಬಾಯಿ ಬಿಡುವಂತಿಲ್ಲ, ಕೈಮುಗಿದು ಕೂಡಬೇಕು. ಬಿ.ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ಈ ಶಾಲಿನ ಮೊದಲ ನೇಯ್ಗೆ. ಪಂತುಲು ದೊಡ್ಡವರು, ತಕರಾರಿಲ್ಲ. ಸರೋಜಾದೇವಿಯವರ ಚೆನ್ನಮ್ಮ ಕಿತ್ತೂರಿನ ಹೆಸರನ್ನು ಕಾವೇರಿ ಸೀಮೆಯ ಮನೆಮನೆಗೂ ಮುಟ್ಟಿಸಿದಳು. ಕಪ್ಪ ಯಾಕೆ ಕೊಡಬೇಕೆಂದು ಬಿಳಿಯನನ್ನು ಕೇಳುವ ಅವಳ ಆ ಮಾತನ್ನು ಇಂದಿಗೂ ಶಾಲೆಯ ಗ್ಯಾದರಿಂಗಿನಲ್ಲಿ ಹುಡುಗಿಯರು ಒಪ್ಪಿಸುತ್ತಾರೆ. ನನ್ನ ತಂಗಿಯೂ ಒಪ್ಪಿಸಿದ್ದಳು. ರಟ್ಟಿನ ಖಡ್ಗಕ್ಕೆ ಸುತ್ತಿದ ಬೇಗಡೆ ನಡುವೆಯೇ ಬಿಚ್ಚಿ ಜೋತುಬಿತ್ತು. ಒಂದೂ ಅಕ್ಷರ ತಪ್ಪದೆ ಮುಗಿಸಿ ಕೆಳಗಿಳಿದವಳು ಕೇಳಿದ್ದು: 'ಅಣ್ಣಾ, ಚೆನ್ನಮ್ಮ ನಮ್ಮಂಗ ಮಾತಾಡ್ತಿದ್ದಿಲ್ಲೇನು?'

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಕಿತ್ತೂರಿನ ರಾಣಿ 'ಯಾಕ ಕೊಡಬೇಕ್ರಿ?' ಅಂದಿದ್ದರೆ ಬಿಳಿಯನಿಗೆ ಪೆಟ್ಟು ಕಡಿಮೆ ಬೀಳುತ್ತಿತ್ತೇ? ಪಂತುಲು ಈ ಚಿತ್ರಕ್ಕೆ ಎರಡೇ ವರ್ಷ ಮೊದಲು, 1959ರಲ್ಲಿ, ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿದ್ದರು. ಕಂದಾಯ ಕೇಳಲು ಬಂದ ಕಂಪನಿಯವನೆದುರು ಅಲ್ಲಿ ಶಿವಾಜಿ ಗಣೇಶನ್ ಸಿಡಿಯುತ್ತಾರೆ. ಕಟ್ಟಬೊಮ್ಮನ ಪಾಂಚಾಲಂಕುರಿಚಿಯಲ್ಲಿ ಎರಕ ಹೊಯ್ದ ಅಚ್ಚಿಗೇ ಕಿತ್ತೂರನ್ನೂ ಸುರಿದರು ಎಂದು ನಾನು ಹೇಳುತ್ತೇನೆ. ಆದರೆ 1824ರ ಕಿತ್ತೂರಿನ ಜಗಳದ ಬುಡದಲ್ಲಿ ಇದ್ದದ್ದು ದತ್ತಕದ ಪ್ರಶ್ನೆ: ಧಾರವಾಡದ ಕಂಪನಿ ಅಧಿಕಾರಿ ಥ್ಯಾಕರೆ ದತ್ತು ಮಗನನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಸತ್ತ, ಡಿಸೆಂಬರಿನಲ್ಲಿ ಕೋಟೆ ಬಿತ್ತು. ಅಲ್ಲಿಂದ 1829ರ ಫೆಬ್ರವರಿ 2ರವರೆಗೆ ರಾಣಿ ಇದೇ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದಳು. ವಿಧವೆ, ಸೋತವಳು, ನಾಲ್ಕು ವರ್ಷ. ಆ ನಾಲ್ಕು ವರ್ಷ ಅವಳು ಯಾರೊಡನೆ ಏನು ಮಾತಾಡಿದಳು? ನನಗೆ ಬೇಕಾದ ಸಿನಿಮಾ ಅದು. 2012ರಲ್ಲಿ ದರ್ಶನ್ ಅವರ ರಾಯಣ್ಣ ಬಂದಾಗಲೂ ದಕ್ಕಿದ್ದು ಇನ್ನಷ್ಟು ಕುದುರೆ, ಇನ್ನಷ್ಟು ಧೂಳು.

ನಮ್ಮಂತೆಯೇ ಶಾಲು ಹೊದಿಸಿಕೊಂಡು ಕೂತ ಇನ್ನೊಂದು ನಾಡು ವಿಯೆಟ್ನಾಂ. ಜಗತ್ತು ತೆರೆಯ ಮೇಲೆ ನೋಡಿದ ವಿಯೆಟ್ನಾಂ ಎಷ್ಟೋ ಸಲ ಫಿಲಿಪ್ಪೀನ್ಸಿನದು. 'ಅಪೋಕ್ಯಾಲಿಪ್ಸ್ ನೌ' ಚಿತ್ರೀಕರಣವಾದದ್ದು ಅಲ್ಲಿ, 'ಪ್ಲಟೂನ್' ಕೂಡ ಅಲ್ಲಿಯೇ. ಆ ಚಿತ್ರಗಳಲ್ಲಿ ಊರವರು ಓಡುತ್ತಾರೆ, ಸಾಯುತ್ತಾರೆ. ಕತೆ ಹೇಳುವ ಸರದಿ ಅವರಿಗೆ ಬರುವುದಿಲ್ಲ.

ಹಾಗಾದರೆ ಹೊರಗೆ ಕೂತು ಮಾಡಿದ್ದೆಲ್ಲ ಸುಳ್ಳೇ ಎಂದು ನೀವು ನನ್ನನ್ನು ಹಿಡಿಯುತ್ತೀರಿ. ವಿಯೆಟ್ನಾಮಿನ ನಿರ್ದೇಶಕ ಟ್ರಾನ್ ಆನ್ ಹುಂಗ್ ಹನ್ನೆರಡನೆಯ ವಯಸ್ಸಿಗೆ, 1975ರಲ್ಲಿ, ನಾಡು ಬಿಟ್ಟು ಫ್ರಾನ್ಸಿಗೆ ಹೋದವನು. 1993ರಲ್ಲಿ ಕಾನ್ ಉತ್ಸವದಲ್ಲಿ ಮೊದಲ ಚಿತ್ರದ ಬಹುಮಾನ ಗೆದ್ದ ಅವನ 'ಹಸಿ ಪಪ್ಪಾಯಿಯ ಪರಿಮಳ'ದ ಸೈಗಾನ್ ಪೂರ್ತಿ ಫ್ರಾನ್ಸಿನ ಸ್ಟುಡಿಯೊದಲ್ಲಿ ಕಟ್ಟಿದ್ದು. ಪಂತುಲು ಅವರಿಗಿಲ್ಲದ ಮಾಫಿ ಇವನಿಗೆ ಯಾಕೆ? ಕೆಲಸದ ಹುಡುಗಿ ಕಾಯಿ ಸೀಳಿ ಒಳಗಿನ ಬಿಳಿ ಬೀಜಗಳನ್ನು ಬೆರಳಿನಿಂದ ಮುಟ್ಟುತ್ತಾಳೆ. ಮಾತಿಲ್ಲ, ಹುಳುಗಳ ಸದ್ದು ಮಾತ್ರ. ಊರು ಕಳಕೊಂಡವನು ಊರನ್ನು ಮೊದಲು ಕಿವಿಯಿಂದ ಕಟ್ಟಿಕೊಳ್ಳುತ್ತಾನೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ನನ್ನ ತಕ್ಕಡಿ ಒಂದು ಕಡೆ ವಾಲುತ್ತದೆ ಎನ್ನುವವರು ಎನ್ನಲಿ. ನನ್ನ ತೂಕದ ಕಲ್ಲು ಕಿವಿ.

ಆದರೂ ನನಗೆ ಹೆಚ್ಚು ಹತ್ತಿರದವನು ನಾಡು ಬಿಡದೆ ಉಳಿದ ಡಾಂಗ್ ನ್ಯಾತ್ ಮಿನ್. ಅವನ 1984ರ 'ಹತ್ತನೆಯ ತಿಂಗಳು ಬಂದಾಗ' ಚಿತ್ರದಲ್ಲಿ ಯುದ್ಧಕ್ಕೆ ಹೋದ ಗಂಡ ಸತ್ತ ಸುದ್ದಿಯನ್ನು ಯುವತಿಯೊಬ್ಬಳು ಹಾಸಿಗೆ ಹಿಡಿದ ಮಾವನಿಂದ ಮುಚ್ಚಿಡುತ್ತಾಳೆ. ಗಂಡನ ಹೆಸರಿನಲ್ಲಿ ಕಾಗದ ಬರೆಯಲು ಊರ ಮಾಸ್ತರನನ್ನು ಬೇಡಿಕೊಳ್ಳುತ್ತಾಳೆ. ಒಂದು ರಾತ್ರಿ ಊರಲ್ಲಿ 'ಚೆಯೊ', ಅವರ ಬಯಲಾಟ. ರಣಕ್ಕೆ ಹೊರಟ ಗಂಡನನ್ನು ಬೀಳ್ಕೊಡುವ ಹೆಂಡತಿಯ ಪಾತ್ರ ಇವಳದೇ. ಹಾಡು ಮುಂದೆ ಸಾಗುವುದಿಲ್ಲ. ಅಳುತ್ತ ರಂಗದಿಂದ ಓಡಿಬಿಡುತ್ತಾಳೆ. ವೀರಪತ್ನಿಯ ವೇಷ ತೊಟ್ಟ ಹೆಂಗಸಿಗೆ ಆ ವೇಷ ಭಾರವಾಗುವುದನ್ನು, ಯುದ್ಧ ಗೆದ್ದ ನಾಡಿನ ನಿರ್ದೇಶಕನೊಬ್ಬ ತೋರಿಸಿದ.

ಆ ಓಟ ನೋಡಿದಾಗ ನನಗೆ ನೆನಪಾದದ್ದು ಸಂಗ್ಯಾ ಬಾಳ್ಯಾ. ಇದೇ ಬೈಲಹೊಂಗಲದಲ್ಲಿ ನಡೆದದ್ದೆಂದು ಜನ ಹೇಳುವ ಕತೆ, ಬೈಲವಾಡದ ಪತ್ತಾರ ಮಾಸ್ತರರು ಕಟ್ಟಿದ ಸಣ್ಣಾಟ. ಸಂಗ್ಯಾ ಗಂಗಿಯ ಬೆನ್ನು ಹತ್ತುತ್ತಾನೆ. ಅವಳು ಈರ್ಯಾನ ಹೆಂಡತಿ. ನಡುವೆ ನಿಂತು ಕೂಡಿಸಿದ ಜೀವದ ಗೆಳೆಯ ಬಾಳ್ಯಾ ಕೊನೆಗೆ ಸಂಗ್ಯಾನನ್ನೇ ಹಿಡಿದುಕೊಡುತ್ತಾನೆ. ಈ ಕತೆಯಲ್ಲಿ ಒಬ್ಬನೂ ವೀರನಿಲ್ಲ. ನಾನು ಹುಡುಗನಾಗಿದ್ದಾಗ ನೋಡಿದ ಆಟದಲ್ಲಿ ಬಾಳ್ಯಾನ ವೇಷದವನು ಬಿಡುವಿನಲ್ಲಿ ಪರದೆಯ ಹಿಂದೆ ಕೂತು ಚುರುಮುರಿ ತಿನ್ನುತ್ತಿದ್ದ. ದಪ್ಪಿನ ಪೆಟ್ಟಿಗೆ ಎದ್ದು, ಬಾಯಿ ಒರೆಸಿಕೊಂಡು, ಹೋಗಿ ಗೆಳೆಯನನ್ನು ಮಾರಿದ. ಮುಂದಿನ ಸಾಲಿನ ಮುದುಕಿಯೊಬ್ಬಳು ಎದ್ದು ನಿಂತು, 'ನಿನ್ನ ಬಾಯಾಗ ಮಣ್ಣ ಬೀಳ್ಲೋ ಬಾಳ್ಯಾ!' ಅಂದಳು. ಯಾರೂ ನಗಲಿಲ್ಲ.

ಮುದುಕಿಗೆ ಗೊತ್ತಿತ್ತು, ಈ ಸೀಮೆಯ ಗಾಯ ಅದು. ಕಿತ್ತೂರಿನ ಕತೆಯಲ್ಲಿ ಒಳಗಿದ್ದೇ ದ್ರೋಹ ಬಗೆದ ಮಲ್ಲಪ್ಪಶೆಟ್ಟಿ ಇದ್ದಾನೆ. ಕಿತ್ತೂರಿಗಾಗಿ ಹೋರಾಡಿದ ರಾಯಣ್ಣನನ್ನು ಹಿಡಿದುಕೊಟ್ಟವರು ನಮ್ಮವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸುವ ಹೊತ್ತಿಗೆ ಬ್ರಿಟಿಷರ ಕೆಲಸದ ಅರ್ಧವನ್ನು ನಾವೇ ಮುಗಿಸಿಕೊಟ್ಟಿದ್ದೆವು. ಬಗಲಲ್ಲಿದ್ದವನ ದ್ರೋಹವನ್ನು ನಮ್ಮ ಆಟ ರಾತ್ರಿಯಿಡೀ ಆಡಿ, ಹಾಡಿ, ಬೈದು ತೀರಿಸಿತು. ಸಿನಿಮಾ ಅದನ್ನು ಖಳನಾಯಕನ ಮೀಸೆಗೆ ಕಟ್ಟಿ ಕೈತೊಳೆದುಕೊಂಡಿತು. ಸಂಗ್ಯಾ ಬಾಳ್ಯಾ ಸಿನಿಮಾ ಕೂಡ ಆಯಿತು, 1992ರಲ್ಲಿ, ಸುಂದರಕೃಷ್ಣ ಅರಸ್ ಅವರಿಂದ. ನನ್ನ ಮಟ್ಟಿಗೆ ಅದು ಆಟದ ಮುಂದೆ ನಿಲ್ಲುವುದಿಲ್ಲ. ಬೈಯಲು ಎದುರಿಗೆ ಬಾಳ್ಯಾ ಇರುವುದಿಲ್ಲವಲ್ಲ.

ಈಗ ನಮ್ಮ ನುಡಿಗೆ ತೆರೆಯ ಮೇಲೆ ಜಾಗ ಸಿಕ್ಕಿದೆ ಎಂದು ಸಮಾಧಾನ ಹೇಳುವವರಿದ್ದಾರೆ. ಯಾವ ಜಾಗ? ಹೀರೊನ ಪಕ್ಕದ ಗೆಳೆಯ 'ಏನಲೇ ಮಗನ' ಅನ್ನಬೇಕು, ಜನ ನಗಬೇಕು. ಪ್ರೀತಿಸುವಾಗ, ಸಾಯುವಾಗ, ಕೋರ್ಟಿನಲ್ಲಿ ನಿಂತಾಗ ಪಾತ್ರಗಳು ಬೆಂಗಳೂರಿನ ಕನ್ನಡಕ್ಕೆ ಬದಲಾಗುತ್ತವೆ. ಸವದತ್ತಿ ತಾಲ್ಲೂಕಿನ ಏಣಗಿಯಿಂದ ಹೊರಟು 103 ವರ್ಷ ಬಾಳಿದ ರಂಗನಟ ಏಣಗಿ ಬಾಳಪ್ಪನವರ ಎದುರು ಊರೂರಿನ ಜನ ಟಿಕೀಟು ಕೊಂಡು ಕೂತು ಅತ್ತಿದ್ದಾರೆ. ಅಳಿಸಬಲ್ಲ ನಾಲಿಗೆಯನ್ನು ನಗಿಸಲಿಕ್ಕಷ್ಟೇ ಇಟ್ಟುಕೊಂಡದ್ದು ಯಾರ ರುಚಿ?

ಸಿನಿಮಾದವರದಷ್ಟೇ ಎಂದು ಬರೆದು ಮುಗಿಸಿದರೆ ನನಗೆ ಸಲೀಸು. ಆದರೆ ಪುಸ್ತಕ ಬಿಡುಗಡೆಯ ಆ ದಿನ ವಂದನಾರ್ಪಣೆ ನನ್ನ ಪಾಲಿಗೆ ಬಂದಿತ್ತು. ಮೈಕಿನ ಮುಂದೆ ನಿಂತು, 'ತಾವು ನಮ್ಮ ನಾಡಿನ ಬಗ್ಗೆ ಬಹಳ ಸೊಗಸಾಗಿ ಮಾತನಾಡಿದಿರಿ' ಎಂದೆ, ಅದೇ ಸಿನಿಮಾದ ಕನ್ನಡದಲ್ಲಿ. ಮುಂದಿನ ಸಾಲಿನಲ್ಲಿ ಆ ಮುದುಕಿ ಇರಲಿಲ್ಲ, ನನ್ನ ಪುಣ್ಯ.